ಅತ್ತೆ ತೂಕಡಿಸಿದ ಪ್ಯಾರಾ

“ಬಿಳಿ ಅಂಗಿ ನಾಲ್ಕು, ಕಪ್ಪು ಪ್ಯಾಂಟು ಎರಡು, ದೊಡ್ಡ ಬೆಡ್‌ಶೀಟು ಒಂದು, ಎಡ ಮೂಲೆಯಲ್ಲಿ ಕಾಫಿ ಕಲೆ” ಎಂದು ಗಂಭೀರವಾಗಿ ಓದಿ ಮುಗಿಸಿದ ಮೇಲೆಯೇ ಸೊಸೆಗೆ ತಾನು ಓದಿದ್ದು ಏನೆಂದು ಹೊಳೆದದ್ದು. ಹಾಳೆಯ ತಪ್ಪು ಮಗ್ಗುಲು ತಿರುವಿಬಿಟ್ಟಿದ್ದಳು. ಅತ್ತೆ ಇನ್ನೇನು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡು ನಾಲಿಗೆ ಕಚ್ಚಿ ತಲೆ ಎತ್ತಿದಳು. ಅತ್ತೆ ನಗಲಿಲ್ಲ. ಬೆರಳಿನಿಂದ ಕಣ್ಣಂಚು ಒರೆಸಿಕೊಂಡು, “ಎಷ್ಟು ಚೆನ್ನಾಗಿ ಬರ್ದಿದೀಯ ಕಣೇ! ಬೇರೆ ಏನು ಬೇಕಾದ್ರೂ ತೆಗಿ, ಇದನ್ನ ಮಾತ್ರ ತೆಗೀಬೇಡ” ಎಂದರು.

ಸೊಸೆ ಹಾಳೆ ನೋಡಿದಳು, ಅತ್ತೆಯನ್ನು ನೋಡಿದಳು. ಕಾಫಿ ಕಲೆಗೆ ಯಾರಾದರೂ ಕಣ್ಣೀರು ಹಾಕುತ್ತಾರೆಯೇ?

ಅವಳು ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಸಿಕ್ಕಿಸುವುದು, ಕಲೆ ಇದ್ದರೆ ಬಿಲ್ಲಿನಲ್ಲಿ ಬರೆದಿಡುವುದು, ಆಮೇಲೆ ಸಂಜೆಯವರೆಗೆ ಇಸ್ತ್ರಿ ಟೇಬಲ್ಲು. ವರ್ಷ ಕಳೆದ ಬಿಲ್ ಪುಸ್ತಕಗಳನ್ನು ಯಜಮಾನ ಗುಜರಿಗೆ ಹಾಕುವ ಮುಂಚೆ ಅವಳು ಕೇಳಿ ಮನೆಗೆ ತರುತ್ತಿದ್ದಳು. ಒಂದು ಮಗ್ಗುಲಲ್ಲಿ ಅಂಗಿ, ಪ್ಯಾಂಟು. ಇನ್ನೊಂದು ಮಗ್ಗುಲು ಖಾಲಿ. ಆ ಖಾಲಿ ಮಗ್ಗುಲಲ್ಲಿ ಅವಳು ಪ್ರಬಂಧ ಬರೆಯುತ್ತಿದ್ದಳು. ಸುಮ್ಮನೆ ಹವ್ಯಾಸಕ್ಕಲ್ಲ ಸ್ವಾಮಿ, ಬಹುಮಾನದ ದುಡ್ಡಿಗೆ. ಬಟ್ಟೆ ಸುತ್ತಲು ತರಿಸುವ ಹಳೆ ಪೇಪರಿನಲ್ಲಿ ಎಲ್ಲಾದರೂ ‘ಪ್ರಬಂಧ ಸ್ಪರ್ಧೆ’ ಎಂದು ಕಂಡರೆ ಅವಳ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಕೊನೆಯ ದಿನಾಂಕ ಮುಗಿದಿರದಿದ್ದರೆ ಆ ಚೂರು ಹರಿದು ಪರ್ಸಿಗೆ ಹೋಗುತ್ತಿತ್ತು. ಆ ದಿನ ಯಾವನೋ ಗಿರಾಕಿಯ ಪ್ಯಾಂಟು ಕಿಟಕಿ ಇರುವ ಪೇಪರಿನಲ್ಲಿ ಮನೆ ಸೇರುತ್ತಿತ್ತು.

ಹಾಗೆ ಗೆದ್ದ ದುಡ್ಡಿನಲ್ಲಿ ಮನೆಗೆ ಬಂದ ಸಾಮಾನಿಗೆಲ್ಲ ಆಯಾ ಪ್ರಬಂಧದ ಹೆಸರೇ ಬಿದ್ದಿತ್ತು. ಫ್ಯಾನು ‘ರಸ್ತೆ ಸುರಕ್ಷತೆ’. ಬೀರು ‘ಉಳಿತಾಯದ ಮಹತ್ವ’, ಅದರಲ್ಲಿ ಉಳಿತಾಯ ಒಂದು ಬಿಟ್ಟು ಮಿಕ್ಕೆಲ್ಲ ಇತ್ತು. ಗೋಡೆ ಗಡಿಯಾರ ‘ಸಮಯಪಾಲನೆ’, ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಮಿಕ್ಸಿಗೆ ‘ವಿಶ್ವಶಾಂತಿ’ ಎಂದು ಹೆಸರು. ಅದನ್ನು ಹಾಕಿದರೆ ಮೇಲಿನ ಮನೆಯವರು ನೆಲ ಕುಟ್ಟುತ್ತಿದ್ದರು. “ಸೆಕೆ ಕಣೇ, ಸ್ವಲ್ಪ ರಸ್ತೆ ಸುರಕ್ಷತೆ ಜೋರು ಮಾಡು” ಎಂದು ಅತ್ತೆ ಹೇಳುವುದನ್ನು ಹೊಸಬರು ಯಾರಾದರೂ ಕೇಳಿದ್ದರೆ, ಪಾಪ, ವಯಸ್ಸಾಯಿತು ಎಂದು ಮರುಗುತ್ತಿದ್ದರು.

ಇಷ್ಟೂ ಗೆಲುವಿನ ಹಿಂದೆ ಒಂದು ಗುಟ್ಟಿತ್ತು. ಅದು ಅತ್ತೆಯ ನಿದ್ದೆ.

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತು, ಮಿಲ್ಲು ಮುಚ್ಚಿದ ಮೇಲೆ ಕಿಟಕಿ ಪಕ್ಕದ ಬೆತ್ತದ ಕುರ್ಚಿಗೆ ಬಂದು ಕೂತವರು. ಮದುವೆಯಾದ ಹೊಸದರಲ್ಲಿ ಸೊಸೆ ಅಡುಗೆಮನೆಯಲ್ಲಿ ಕದ್ದು ಬರೆಯುತ್ತಿದ್ದಾಗ ಹಿಡಿದುಹಾಕಿ, “ಏನದು? ಓದು ನೋಡೋಣ” ಎಂದಿದ್ದರು. ಸೊಸೆ ಓದಿದಳು. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅತ್ತೆಯ ಗದ್ದ ಎದೆಗೆ ತಾಗಿತ್ತು. ಅವಳಿಗೆ ಎಲ್ಲಿಲ್ಲದ ಅವಮಾನವಾಯಿತು. ಹಲ್ಲು ಕಚ್ಚಿ, ಪೆನ್ನಿನ ಮುಚ್ಚಳ ‘ಟಕ್’ ಎಂದು ತೆಗೆದು, ಆ ಪ್ಯಾರಾವನ್ನೇ ಅಡ್ಡಡ್ಡ ಹೊಡೆದುಹಾಕಿದಳು. ಆ ಸದ್ದಿಗೆ ಅತ್ತೆ ಎಚ್ಚೆತ್ತು, “ನಾನೇನು ನಿದ್ದೆ ಮಾಡಿಲ್ಲ” ಎಂದರು. ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಅದೇ ರಸ್ತೆ ಸುರಕ್ಷತೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಟೀ ಆದ ಮೇಲೆ ಅತ್ತೆ ಕುರ್ಚಿಯಲ್ಲಿ, ಸೊಸೆ ಎದುರಿನ ಸ್ಟೂಲಿನಲ್ಲಿ. ಅತ್ತೆ ತೂಕಡಿಸಿದರೆ ಟಕ್, ಒಂದು ಗೆರೆ. “ನಾನೇನು ನಿದ್ದೆ ಮಾಡಿಲ್ಲ ಕಣೇ.” “ನೀವಲ್ಲ ಅತ್ತೆ, ಈ ಪ್ಯಾರಾ ನಿದ್ದೆ ಮಾಡ್ತಿತ್ತು.” ಪಾತ್ರೆ ತೊಳೆಯುವುದು ಬಾಕಿ ಇದ್ದರೆ ಅತ್ತೆ ತಾವೇ ಎದ್ದು ತೊಳೆದು, ಸ್ಟಾಂಪಿಗೆ ಚಿಲ್ಲರೆ ಇಲ್ಲದಿದ್ದರೆ ದಿಂಬಿನ ಕೆಳಗಿಂದ ತೆಗೆದುಕೊಟ್ಟು, ಒಂದು ದಿನಕ್ಕೂ ‘ಇದೆಲ್ಲ ಯಾಕೆ ಬೇಕು’ ಎನ್ನದೆ ಹನ್ನೊಂದು ವರ್ಷ ನಡೆಸಿಕೊಂಡು ಬಂದಿದ್ದರು.

ಆದರೆ ಈಚೆಗೆ ಎರಡು ವರ್ಷದಿಂದ ಏನೋ ಕೆಟ್ಟಿತ್ತು. ಹದಿನಾಲ್ಕು ಪ್ರಬಂಧ ಕಳಿಸಿದರೂ ಒಂದು ಸಮಾಧಾನಕರ ಬಹುಮಾನವೂ ಇಲ್ಲ. ಸೊಸೆ ಮೊದಲು ಅಂಚೆಯವರನ್ನು ಬೈದಳು, ಆಮೇಲೆ ತೀರ್ಪುಗಾರರನ್ನು, ಕೊನೆಗೆ ಇಸ್ತ್ರಿಯ ಹಬೆಗೆ ತನ್ನ ತಲೆಯೇ ಬೆಂದುಹೋಗಿದೆ ಎಂದು ತನ್ನನ್ನೇ. ತಮಾಷೆ ಏನೆಂದರೆ ಈ ಎರಡು ವರ್ಷದಲ್ಲಿ ಅತ್ತೆ ಒಂದು ಸಲವೂ ತೂಕಡಿಸಿರಲಿಲ್ಲ. ಕಣ್ಣು ಅಗಲಿಸಿ, ತಲೆದೂಗಿ, “ಸೊಗಸಾಗಿದೆ” ಎನ್ನುತ್ತಿದ್ದರು. ಅತ್ತೆಗೆ ನಿದ್ದೆಯೇ ಬಾರದಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ ಎಂದು ಅವಳು ಒಳಗೊಳಗೇ ಉಬ್ಬಿದ್ದಳು. ಈಗ ಈ ಕಾಫಿ ಕಲೆ.

ಏನೂ ಆಗದವಳಂತೆ ಎದ್ದು ಅಡುಗೆಮನೆಗೆ ಹೋದಳು. ಅದರ ಬಾಗಿಲಲ್ಲಿ, ಅತ್ತೆಯ ಬೆನ್ನಿಗೆ ನಿಂತು ಮೆಲ್ಲಗೆ, “ಅತ್ತೆ” ಎಂದಳು. ಅತ್ತೆ ಕಿಟಕಿ ನೋಡುತ್ತಿದ್ದರು. ಸ್ವಲ್ಪ ಜೋರಾಗಿ, “ಅತ್ತೆ, ಮನೆಗೆ ಬೆಂಕಿ ಬಿದ್ದಿದೆ” ಎಂದಳು. ಅತ್ತೆ ಮಡಿಲಲ್ಲಿದ್ದ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸವರಿದರು.

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಬೇಕು? ಹದಿನಾಲ್ಕು ಪ್ರಬಂಧ! ಒಂದೊಂದಕ್ಕೂ ಬೆರಳು ನೋಯಿಸಿಕೊಂಡು ಮಾಡಿದ ಶುದ್ಧಪ್ರತಿ. ಅದರಲ್ಲಿ ಎಷ್ಟು ಪ್ಯಾರಾಗಳು ನಿದ್ದೆಯ ಮಾತ್ರೆಯಂಥವು ಇದ್ದವೋ, ಒಂದಕ್ಕೂ ಕತ್ತರಿ ಬೀಳದೆ ಹಾಗೇ ಹೋಗಿ ತೀರ್ಪುಗಾರರನ್ನು ಮಲಗಿಸಿವೆ. ಹೊಸ ಹಾಸಿಗೆ ಬರಬೇಕಿತ್ತು, ಸ್ನಾನದ ಮನೆಗೆ ಗೀಸರು ಬರಬೇಕಿತ್ತು. ಎಲ್ಲ ಗಾಳಿಗೆ ಹೋಯಿತಲ್ಲ!

ಗಂಡ ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. ಅವನು ಎಂಟು ಮಹಡಿಯ ಒಂದು ಆಫೀಸಿನಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಮೇಲೆ ಕೆಳಗೆ ಹೋಗಿಯೂ ಎಲ್ಲಿಗೂ ಹೋಗಿಲ್ಲ ಎಂದು ತನ್ನನ್ನೇ ಆಡಿಕೊಳ್ಳುವ ಆಸಾಮಿ.

“ರೀ, ಅಮ್ಮನಿಗೆ ಎರಡು ವರ್ಷದಿಂದ ಕಿವಿ ಕೇಳಿಸ್ತಿಲ್ಲ. ನಿಮಗೆ ಗೊತ್ತಿತ್ತಾ?”

“ನನ್ನ ಮಾತು ಅವಳಿಗೆ ನಾನು ಹುಟ್ಟಿದಾಗಿಂದ ಕೇಳಿಸಿಲ್ಲ” ಎಂದು ಅವನು ಶೂ ಬಿಚ್ಚಿದ. “ಈ ಎರಡು ವರ್ಷದ್ದು ನನಗೆ ಹೇಗೆ ಗೊತ್ತಾಗ್ಬೇಕು?” ಹೇಳಿದ ಮೇಲೆ ಅವಳ ಮುಖ ನೋಡಿ ನಗು ನುಂಗಿಕೊಂಡ. “ನಿಜವಾಗ್ಲೂ?”

“ಬನ್ನಿ, ನೀವೇ ನೋಡಿ.”

ಸೊಸೆ ಸ್ಟೂಲು ಎಳೆದುಕೊಂಡು ಅತ್ತೆಯ ಮುಂದೆ ಕೂತಳು. “ಅತ್ತೆ, ನಿಮಗೆ ಕಿವಿ ಕೇಳಿಸಲ್ಲ ಅಲ್ವಾ?”

ಅತ್ತೆ ಮಗನ ಕಡೆ ಒಮ್ಮೆ ನೋಡಿದರು. “ಕೇಳಿಸ್ದೆ ಏನು? ಈಗ ನೀನು ಹೇಳಿದ್ದು ಕೇಳಿಸ್ಲಿಲ್ವಾ?”

ಸೊಸೆ ಕೈಯಲ್ಲಿದ್ದ ಬಿಲ್ಲಿನ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಅದೇ ಮಾತನ್ನು ಇನ್ನೂ ಜೋರಾಗಿ ಕೇಳಿದಳು. ಅತ್ತೆಯ ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ನಕ್ಕರು.

“ಆ ಹಾಳೆ ಕೆಳಗಿಡು. ನನ್ನ ಕಿವಿ ಅದರ ಹಿಂದಿದೆ.”

ಆಮೇಲೆ ಎಲ್ಲ ಹೊರಗೆ ಬಂತು. ಮಗ್ಗದ ಮನೆಯಲ್ಲಿ ಇನ್ನೂರು ಮಗ್ಗ ಒಟ್ಟಿಗೆ ಓಡುವಾಗ ಯಾರ ಮಾತು ಯಾರಿಗೆ ಕೇಳಿಸುತ್ತಿತ್ತು? ಹೆಂಗಸರೆಲ್ಲ ತುಟಿ ನೋಡಿಕೊಂಡೇ ಮಾತಾಡುತ್ತಿದ್ದರಂತೆ. “ಸಾಲಿನ ಆ ತುದೀಲಿ ಒಬ್ಬಳು ಮೇಸ್ತ್ರಿಗೆ ಬೈದ್ರೆ ಈ ತುದೀಲಿ ನಾವು ನಗ್ತಿದ್ವಿ. ಮೇಸ್ತ್ರಿ ಮಧ್ಯದಲ್ಲೇ ನಿಂತಿರ್ತಿದ್ದ, ಅವನಿಗೇನೂ ಗೊತ್ತಾಗ್ತಿರ್ಲಿಲ್ಲ” ಎಂದು ಅತ್ತೆ ಈಗಲೂ ಖುಷಿಪಟ್ಟರು. ಮಿಲ್ಲು ಬಿಟ್ಟ ಮೇಲೆ ಕಿವಿ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತ ಬಂದು, ಎರಡು ವರ್ಷದ ಹಿಂದೆ ಪೂರ್ತಿ ಬಾಗಿಲು ಹಾಕಿತು. ಹಳೆಯ ವಿದ್ಯೆ ಕೈಹಿಡಿಯಿತು. ಎದುರಿಗೆ ನಿಂತು ಮಾತಾಡಿದವರ ಮಾತೆಲ್ಲ ತುಟಿಯಿಂದಲೇ ತಿಳಿಯುತ್ತಿತ್ತು. ಉಳಿದದ್ದಕ್ಕೆ ತಲೆದೂಗಿದರೆ ಆಯಿತು.

“ಮತ್ತೆ ನಾನು ಓದುವಾಗ?”

“ಓದುವಾಗ ನೀನು ತಲೆ ಬಗ್ಗಿಸ್ತೀಯ. ನಂಗೆ ನಿನ್ನ ನೆತ್ತಿ ಕಾಣುತ್ತೆ. ನೆತ್ತಿಗೆಲ್ಲಿದೆ ತುಟಿ?”

“ಮತ್ತೆ ಒಂದು ಮಾತು ಹೇಳೋಕೆ ಏನಾಗಿತ್ತು ಅತ್ತೆ!” ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಅತ್ತೆ ಕರ್ಚೀಫನ್ನು ಬಿಚ್ಚಿ ಮತ್ತೆ ಮಡಿಸಿದರು. “ಹೇಳಿದ್ರೆ ನೀನು ಓದೋದು ಬಿಡ್ತಿದ್ದೆ. ದಿನವೆಲ್ಲ ನಂಗೆ ಈ ಕುರ್ಚಿ, ಈ ಕಿಟಕಿ. ಸಾಯಂಕಾಲ ಒಂದು ಗಂಟೆ ನೀನು ನನ್ನ ಎದುರಿಗೆ ಬಂದು ಕೂರ್ತೀಯ. ಕೇಳಿಸ್ದಿದ್ರೆ ಕತ್ತೆಬಾಲ, ಕೂರೋದಾದ್ರೂ ಇರ್ಲಿ ಅಂತ ಸುಮ್ನಿದ್ದೆ.” ತಡೆದು ಅಂದರು: “ನನ್ನಿಂದ ನಿಂಗೆ ಬಹುಮಾನ ತಪ್ಪುತ್ತೆ ಅಂತ ಹೊಳೀಲೇ ಇಲ್ಲ ಕಣೇ. ನಾನು ಮಾಡ್ತಿದ್ದಿದ್ದಾದ್ರೂ ಏನು, ನಿದ್ದೆ ತಾನೆ?”

ಸೊಸೆಯ ಸಿಟ್ಟು ಎಲ್ಲಿ ಹೋಯಿತೋ. ಹನ್ನೊಂದು ವರ್ಷ ಈ ಹೆಂಗಸು ತನ್ನ ಬರಹ ಕೇಳಲು ಕಾದು ಕೂತಿದ್ದಳು, ಕೇಳದಾದ ಮೇಲೂ ಕಾದು ಕೂತಿದ್ದಳು. ಹೆತ್ತ ತಾಯಿಯೂ ಸೊಸೆಯಿಂದ ಒಂದು ಪುಟ ಓದಿಸಿಕೊಂಡವಳಲ್ಲ. ಅವಳು ಅತ್ತೆಯ ಮೊಣಕಾಲ ಮೇಲೆ ಕೈ ಇಟ್ಟಳು. ಲಿಫ್ಟಿನವನು ಗೋಡೆಗೆ ಮುಖ ಮಾಡಿ ಸಮಯಪಾಲನೆಗೆ ಕೀಲಿ ಕೊಡುವ ನಾಟಕ ಮಾಡಿದ. ಅದು ಬ್ಯಾಟರಿಯ ಗಡಿಯಾರ.

ಮರುದಿನ ಅರ್ಧ ದಿನ ರಜೆ ಹಾಕಿ ಇಬ್ಬರೂ ಅತ್ತೆಯನ್ನು ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಮಿಷನ್ ಹಾಕಿದರೆ ಕೇಳಿಸುತ್ತದೆ, ಎರಡು ಕಿವಿಗೂ ಬೇಕು ಎಂದು ಡಾಕ್ಟರು ಬೆಲೆ ಹೇಳಿದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅತ್ತೆ ಡಾಕ್ಟರ ತುಟಿ ನೋಡಿ, “ಅಷ್ಟು ದುಡ್ಡು ಕೊಟ್ಟು ಏನು ಕೇಳೋದಿದೆ ಈ ಊರಲ್ಲಿ? ನಡೀರಿ” ಎಂದು ಎದ್ದೇಬಿಟ್ಟರು.

ಆದರೆ ಆ ಬೆಲೆ ಸೊಸೆಗೆ ಎಲ್ಲೋ ಕಂಡ ಹಾಗಿತ್ತು. ಲಾಂಡ್ರಿಗೆ ಹೋದವಳೇ ಪರ್ಸಿನಿಂದ ಪೇಪರಿನ ಚೂರು ತೆಗೆದಳು. ನಗರಸಭೆಯ ಪ್ರಬಂಧ ಸ್ಪರ್ಧೆ. ಮೊದಲ ಬಹುಮಾನ ಹೆಚ್ಚೂಕಡಿಮೆ ಅಷ್ಟೇ. ಸಾವಿರ ಪದ ಮೀರಬಾರದು, ಕಳಿಸಲು ಇನ್ನು ಒಂಬತ್ತು ದಿನ. ವಿಷಯ: ‘ಶಬ್ದ ಮಾಲಿನ್ಯ: ಕಾರಣ ಮತ್ತು ಪರಿಹಾರ’. ನಿನ್ನೆ ಕಾಫಿ ಕಲೆಯ ಜೊತೆ ಓದಿದ್ದು ಇದನ್ನೇ. ಈ ಸಲ ಹಾಸಿಗೆ ಬೇಡ, ಗೀಸರು ಬೇಡ, ಕಿವಿ ಬರಬೇಕು ಎಂದು ಅವಳು ಅಲ್ಲೇ ನಿಶ್ಚಯ ಮಾಡಿದಳು. ಅತ್ತೆಯ ನಿದ್ದೆ ಇಲ್ಲದೆ ಅತ್ತೆಯ ಕಿವಿ ಗೆಲ್ಲುವುದು ಹೇಗೆ ಎನ್ನುವುದು ಮಾತ್ರ ತಿಳಿಯಲಿಲ್ಲ.

“ಓದ್ಬೇಡ, ಹೇಳು” ಎಂದರು ಅತ್ತೆ ಅಂದು ಸಂಜೆ. “ಹಾಳೆ ಆಚೆಗಿಡು. ನನ್ನ ಮುಖ ನೋಡ್ಕೊಂಡು ಹೇಳು.”

ಸೊಸೆ ಬರೆದದ್ದನ್ನು ಬಾಯಿಪಾಠ ಮಾಡಿ ಬಂದು ಕೂತಳು. ಅತ್ತೆಯ ಕಣ್ಣು ಅವಳ ತುಟಿಗೆ ಅಂಟಿಕೊಂಡಿತು. “ಇಂದಿನ ಆಧುನಿಕ ಯುಗದಲ್ಲಿ ಮಾನವನು ತನ್ನ ಸ್ವಾರ್ಥಕ್ಕಾಗಿ...” ಎಂದು ಶುರುಮಾಡಿದವಳು ಅಲ್ಲೇ ನಿಂತಳು. ಅತ್ತೆ ಕಾಯುತ್ತಿದ್ದರು.

“ಯಾವ ಮಾನವ?” ಎಂದರು.

“ಯಾರೂ ಇಲ್ಲ ಅತ್ತೆ. ಸುಮ್ನೆ ಬರ್ದಿದ್ದು.”

ಎಂಥ ಕಷ್ಟವಪ್ಪಾ ಅದು! ಕಾಗದದ ಮೇಲೆ ಏನು ಬೇಕಾದರೂ ಗೀಚಬಹುದು. ಎರಡು ಗೇಣು ದೂರದಲ್ಲಿ ಕೂತು ನಿಮ್ಮ ತುಟಿಯನ್ನೇ ನೋಡುತ್ತಿರುವ ಮನುಷ್ಯರಿಗೆ ‘ಅನಾದಿಕಾಲದಿಂದಲೂ’ ಎಂದು ಹೇಳಿ ನೋಡಿ, ನಾಚಿಕೆಯಾಗುತ್ತದೆ. ಸಾವಿರ ಪದದಲ್ಲಿ ಅತ್ತೆಯ ಮುಖಕ್ಕೆ ಹೇಳಬಹುದಾದದ್ದು ಇನ್ನೂರೂ ಉಳಿಯಲಿಲ್ಲ. ಸೊಸೆ ಕೈಚೆಲ್ಲಿ ಕೂತಳು.

“ಆಯ್ತು, ನೀವೇ ಹೇಳಿ. ಮಿಲ್ಲಲ್ಲಿ ಎಷ್ಟು ಸದ್ದಿತ್ತು?”

“ಸದ್ದಾ?” ಅತ್ತೆಯ ಕೈ ತಾನಾಗಿ ಕುರ್ಚಿಯ ತೋಳಿನ ಮೇಲೆ ಬಡಿಯತೊಡಗಿತು, ಖಟ್ ಖಟ್ ಖಟಾಖಟ್ ಎಂದು ಒಂದೇ ಲಯ. “ಮೊದಲ ವಾರ ಮನೆಗೆ ಬಂದು ಅತ್ತಿದ್ದೆ, ತಲೆ ಒಡೆದುಹೋಗುತ್ತೆ ಅಂತ. ಆಮೇಲೆ ಆ ಸದ್ದಿಲ್ದೆ ನಿದ್ದೆ ಬರ್ತಿರ್ಲಿಲ್ಲ. ದಾರ ಕಡಿದ್ರೆ ಮಗ್ಗದ ಸದ್ದು ಚೂರು ಬದಲಾಗುತ್ತೆ. ನಾಲ್ಕು ಮಗ್ಗ ನನ್ನವು, ಯಾವುದರದ್ದು ಅಂತ ನೋಡದೇ ಹೇಳ್ತಿದ್ದೆ. ಇವನ ಸ್ಕೂಲ್ ಫೀಸು, ಇವನಪ್ಪನ ಔಷಧಿ, ಎಲ್ಲ ಅದೇ ಸದ್ದು ಕಣೇ. ಮಿಲ್ಲು ಮುಚ್ಚಿದ ದಿನ ಒಂದೊಂದೇ ಸಾಲು ನಿಲ್ಲಿಸಿದ್ರು. ಕೊನೇ ಮಗ್ಗ ನಿಂತಾಗ ಒಬ್ಬಳು ಸೀನಿದ್ಳು. ಆ ಸೀನು ಎಲ್ಲರಿಗೂ ಕೇಳಿಸ್ತು. ಮೂವತ್ತು ವರ್ಷದಲ್ಲಿ ಅದೇ ಮೊದಲು. ಎಲ್ಲರೂ ಅಳೋಕೆ ಶುರು ಮಾಡಿದ್ವಿ.”

ಲಿಫ್ಟಿನವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಇದನ್ನೆಲ್ಲ ನಂಗೆ ಯಾವತ್ತೂ ಹೇಳೇ ಇಲ್ವಲ್ಲಮ್ಮ” ಎಂದ. ಅವನು ಬೆನ್ನಿಗಿದ್ದುದರಿಂದ ಅತ್ತೆಗೆ ಗೊತ್ತಾಗಲಿಲ್ಲ. ಅವನು ಸುತ್ತಿಕೊಂಡು ಮುಂದೆ ಬಂದು, ನೆಲದಲ್ಲಿ ಕೂತು, ಮತ್ತೆ ಹೇಳಿದ.

“ನೀನು ಕೇಳಿದ್ಯಾ?” ಎಂದರು ಅತ್ತೆ.

ಆರು ದಿನ ಹೀಗೆ ನಡೆಯಿತು. ಅತ್ತೆ ಹೇಳಿದ್ದನ್ನು ಸೊಸೆ ಬರೆದು, ಬರೆದದ್ದನ್ನು ಮುಖ ನೋಡಿ ಹೇಳಿ, ಹೇಳಲು ಬಾರದ್ದನ್ನು ಹೊಡೆದುಹಾಕಿದಳು. ಪ್ರಬಂಧ ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೇ ಅಂಜಿಕೆಯಾಗುತ್ತಿತ್ತು. ಕಾರಣ ಒಂದೇ ಬರೆದಿದ್ದಳು, ಹೊಟ್ಟೆ. ಪರಿಹಾರ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಬರೆದಳು. ಮಗ್ಗದವಳ ಕಿವಿಗೆ ಹಾಕಲು ಒಂದು ಉಂಡೆ ಹತ್ತಿಯನ್ನಾದರೂ ಕೊಡಬಹುದಿತ್ತು, ಹತ್ತಿಯ ಮಿಲ್ಲಿನಲ್ಲಿ ಹತ್ತಿಗೆ ಬರವಿರಲಿಲ್ಲ ಎಂಬ ಒಂದು ಮಾತನ್ನು ಮಾತ್ರ ಬಿಡಲಿಲ್ಲ.

ಪದ ಎಣಿಸುವುದು ಗಂಡನ ಕೆಲಸ. ನೂರಕ್ಕೊಂದು ಬೆಂಕಿಕಡ್ಡಿ ಇಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸಿ, ಶನಿವಾರ ಬೆಳಿಗ್ಗೆ ತಲೆ ಎತ್ತಿದ. “ಒಂಬೈನೂರ ನಲವತ್ತು. ಲಿಫ್ಟ್ ಖಾಲಿ ಹೋಗ್ತಿದೆ. ಇನ್ನೂ ಅರವತ್ತು ಜನಕ್ಕೆ ಜಾಗ ಇದೆ, ಯಾರನ್ನಾದ್ರೂ ಹತ್ತಿಸ್ಕೊ.”

ಸೊಸೆ ಪೆನ್ನು ಹಿಡಿದು ಯೋಚಿಸಿದಳು. ಹೇಳಬಹುದಾದದ್ದನ್ನೆಲ್ಲ ಹೇಳಿಯಾಗಿತ್ತು. ಒಂದೇ ಉಳಿದಿತ್ತು, ಅದು ಅತ್ತೆಯ ಮುಖ ನೋಡಿಕೊಂಡು ಹೇಳಲು ಬರುವಂಥದ್ದಲ್ಲ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಕೊನೆಯಲ್ಲಿ ಆ ಒಂದು ಸಣ್ಣ ಪ್ಯಾರಾ ಬರೆದು, ಶುದ್ಧಪ್ರತಿಗೂ ಇಳಿಸಿ, ಯಾರಿಗೂ ತೋರಿಸದೆ ಲಕೋಟೆ ಅಂಟಿಸಿದಳು.

ಫಲಿತಾಂಶದ ಕಾಗದ ಲಾಂಡ್ರಿಯ ವಿಳಾಸಕ್ಕೆ ಬಂತು. ಯಜಮಾನ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಸ್ತ್ರಿ ಟೇಬಲ್ಲಿಗೇ ಬಂದ. “ಏನಮ್ಮ, ನಗರಸಭೆ ಸೀಲಿದೆ. ಏನಾದ್ರೂ ತಪ್ಪು ಮಾಡಿದೀಯಾ?” ಅವಳು ಒಡೆದು ಓದಿದಳು. ಎರಡನೆಯ ಬಹುಮಾನ. ಮೊದಲಿನದರ ಅರ್ಧ. ಇನ್ನೊಮ್ಮೆ ಓದಿದರೂ ಎರಡನೆಯದೇ. ಒಂದು ಕಿವಿಗೆ ಸರಿ ಎಂದು ಲೆಕ್ಕ ಹೊಳೆದಾಗ ಮಾತ್ರ, ನೇತುಹಾಕಿದ ಅಂಗಿಗಳ ಸಾಲಿನ ಹಿಂದೆ ಹೋಗಿ ಕೂತು ಮನಸಾರೆ ಅತ್ತಳು. ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಯಾರದೋ ಅಂಗಿಯ ತೋಳನ್ನೇ ಹಿಡಿದುಕೊಂಡಿದ್ದಳು. ಯಜಮಾನ ಗಲ್ಲಾಪೆಟ್ಟಿಗೆಯ ಬಳಿಯಿಂದ ಕೂಗಿ ಹೇಳಿದ: “ಅಳು, ಅಳು. ಆ ಅಂಗಿ ಇನ್ನೂ ತೊಳೆದಿಲ್ಲ, ಪರವಾಗಿಲ್ಲ.”

“ಒಂದು ಕಿವಿ ಸಾಕು” ಎಂದರು ಅತ್ತೆ. “ಕೇಳಿಸೋ ಕಿವಿ ನಿನ್ನ ಕಡೆಗೆ, ಕೇಳಿಸದ್ದು ಇವನ ಕಡೆಗೆ.”

“ನೋಡಿದ್ಯಾ, ಗಂಡು ಹೆತ್ತದ್ದಕ್ಕೆ ಸಿಕ್ಕ ಮರ್ಯಾದೆ” ಎಂದ ಮಗ.

ಮಿಷನ್ ಕೊಡುವ ಅಂಗಡಿಯಲ್ಲಿ ತಂತ್ರಜ್ಞ ಅದನ್ನು ಬಲಗಿವಿಗೆ ಕೂರಿಸಿ ಒಂದು ಗುಂಡಿ ತಿರುಗಿಸಿದ. ಅತ್ತೆ ನೆಟ್ಟಗೆ ಕೂತರು. ಅತ್ತ ಇತ್ತ ನೋಡಿ, “ಯಾರದು ಬುಸ್ ಬುಸ್ ಅಂತಿರೋದು?” ಎಂದರು. ಅದು ತಂತ್ರಜ್ಞನ ಉಸಿರು, ಅವನಿಗೆ ನೆಗಡಿಯಾಗಿತ್ತು. ಬೀದಿಗೆ ಬಂದಾಗ ಒಂದು ಲಾರಿ ಕರ್ಕಶವಾಗಿ ಹಾರ್ನ್ ಹೊಡೆದು ಹೋಯಿತು. ಫುಟ್‌ಪಾತಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಅತ್ತೆ ಮಾತ್ರ ಆ ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಬಲಗಿವಿಯನ್ನು ಅತ್ತ ಕೊಟ್ಟು ನಿಂತಿದ್ದರು. ಮನೆಗೆ ಬಂದು ವಿಶ್ವಶಾಂತಿಯನ್ನು ಒಮ್ಮೆ ಹಾಕಿಸಿ ಕೇಳಿ, “ಥೂ, ಇಷ್ಟು ಗಲಾಟೆ ಮಾಡುತ್ತಾ ಇದು! ಮೇಲಿನವರು ಕುಟ್ಟೋದು ನ್ಯಾಯ” ಎಂದರು.

ಕಿವಿಯ ಮಿಷನ್ನಿಗೆ ಏನು ಹೆಸರು ಬಿತ್ತು ಎಂದು ಬೇರೆ ಹೇಳಬೇಕಿಲ್ಲ. “ಅಮ್ಮ, ಶಬ್ದ ಮಾಲಿನ್ಯ ಹಾಕ್ಕೊಂಡಿದೀಯಾ?” ಎಂದು ಮಗ ದಿನಕ್ಕೆ ಹತ್ತು ಸಲ ಕೇಳಿದ. ಪ್ರತಿ ಸಲ ನಕ್ಕ.

ಮಿಷನ್ ಬಂದ ದಿನವೇ ಸಂಜೆ ಟೀ ಆದ ಮೇಲೆ ಅತ್ತೆ ಕುರ್ಚಿಯಲ್ಲಿ ಕೂತು, ಬಲಗಿವಿ ಸ್ಟೂಲಿನ ಕಡೆಗೆ ಬರುವಂತೆ ವಾರೆಯಾಗಿ ತಿರುಗಿದರು. “ಓದು. ಗೆದ್ದಿದ್ದನ್ನ ಸರಿಯಾಗಿ ಒಂದು ಸಲ ಓದು. ಹೇಳಿದ್ದನ್ನ ನೋಡಿ ನೋಡಿ ಕಣ್ಣು ಸೋತುಹೋಗಿದೆ.”

ಸೊಸೆ ಬಿಲ್ಲಿನ ಹಾಳೆಗಳನ್ನು ತೆಗೆದಳು, ಸರಿಯಾದ ಮಗ್ಗುಲು ಎಂದು ಎರಡು ಸಲ ಖಾತ್ರಿ ಮಾಡಿಕೊಂಡಳು. ತಲೆ ಬಗ್ಗಿಸಿ ಓದತೊಡಗಿದಳು. ಮಗ್ಗದ ಮನೆ, ಮೊದಲ ವಾರದ ಅಳು, ಕಡಿದ ದಾರ, ಸೀನು. ಕಿಟಕಿಯಿಂದ ಗಾಳಿ ಬರುತ್ತಿತ್ತು. ರಸ್ತೆ ಸುರಕ್ಷತೆ ಮೇಲೆ ತಿರುಗುತ್ತಿತ್ತು. ಕೊನೆಯ ಪ್ಯಾರಾಕ್ಕೆ ಬಂದಾಗ ಅವಳ ಬೆರಳು ಸಾಲಿನ ಮೇಲೆ ನಿಂತಿತು. ಬಿಟ್ಟುಬಿಡಲೇ ಎಂದುಕೊಂಡಳು. ಬಿಡದೆ, ತಲೆ ಇನ್ನೂ ಬಗ್ಗಿಸಿ, ದನಿ ತಗ್ಗಿಸಿ ಓದಿದಳು:

“ನಾನು ಬರೆದದ್ದನ್ನು ಹನ್ನೊಂದು ವರ್ಷ ಒಬ್ಬರು ಕೂತು ಕೇಳಿದ್ದಾರೆ. ಅವರಿಗೆ ಓದು ಬಾರದು. ನನ್ನ ಬರಹದಲ್ಲಿ ಏನಾದರೂ ಚೆನ್ನಾಗಿದ್ದರೆ ಅದು ಅವರು ತೆಗೆಸಿದ್ದರಿಂದ. ಅವರ ಕಿವಿ ನಮ್ಮ ಮನೆಯ ಅನ್ನಕ್ಕೆ ಹೋಯಿತು. ಅದು ಗೊತ್ತಾಗಲು ನನಗೆ ಇಷ್ಟು ವರ್ಷ ಬೇಕಾಯಿತು. ಬಟ್ಟೆಯ ಕಲೆ ಹುಡುಕುವುದು ನನ್ನ ಕೆಲಸ. ಈ ಒಬ್ಬರಲ್ಲಿ ಮಾತ್ರ ನನಗೆ ಏನೂ ಸಿಕ್ಕಿಲ್ಲ.”

ಓದಿ ಮುಗಿಸಿದಳು. ಕುರ್ಚಿಯಿಂದ ಸದ್ದಿಲ್ಲ. ಮೆಲ್ಲಗೆ ತಲೆ ಎತ್ತಿದಳು.

ಅತ್ತೆಯ ಕಣ್ಣು ಮುಚ್ಚಿತ್ತು. ಗದ್ದ ಎದೆಗೆ ತಾಗಿತ್ತು. ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು.

ಅವಳಿಗೆ ನಗು ಬಂತು. ಎರಡು ವರ್ಷದ ಮೇಲೆ ಈ ನಿದ್ದೆ ಕಂಡಿದ್ದಳು, ಅದೂ ಇಂಥ ಪ್ಯಾರಾದಲ್ಲಿ. ಬಹುಮಾನ ಬಂದರೇನಂತೆ, ಪದ್ಧತಿ ಪದ್ಧತಿಯೇ. ಹಾಳೆಯನ್ನು ಮೊಣಕಾಲ ಮೇಲೆ ಚಪ್ಪಟೆ ಮಾಡಿ, ಪೆನ್ನಿನ ಮುಚ್ಚಳ ತೆಗೆದಳು. ಟಕ್.

“ಅದನ್ನ ತೆಗೀಬೇಡ” ಎಂದರು ಅತ್ತೆ.

ಕಣ್ಣು ಮುಚ್ಚಿಯೇ ಇತ್ತು.  ಸೊಸೆ ಮುಚ್ಚಳವನ್ನು ಮೆಲ್ಲಗೆ, ಬೆರಳಿನಿಂದ ಒತ್ತಿ ಹಿಡಿದು, ಸದ್ದಾಗದಂತೆ ಹಾಕಿದಳು. ಆದರೂ ಚೂರು ಸದ್ದಾಯಿತು. ಅಷ್ಟಕ್ಕೂ ಅತ್ತೆಯ ಬಲಹುಬ್ಬು ಒಂದಿಷ್ಟು ಮೇಲೆದ್ದು, ಇಳಿಯಿತು.